ಅಟ್ಟದಿಂದ ಇಳಿದ ಸೈಕಲ್ಲುಗಳು

ಹಳೆ ಸೈಕಲ್ ಇದೆ ಬಾ ಎಂದು ಯಾರಾದರೂ ಕರೆದರೆ, ಹೋದವನೇ ನಾನು ಹಿಂದಿನ ಗಾಲಿಯ ಪಕ್ಕ ಕುಕ್ಕರಗಾಲಲ್ಲಿ ಕೂರುತ್ತೇನೆ. ಮನೆಯವರು ಗಂಟೆ ಬಾರಿಸಿ ಕೇಳಿಸುತ್ತಾರೆ, ಹ್ಯಾಂಡಲ್ ತಿರುಗಿಸಿ ತೋರಿಸುತ್ತಾರೆ, ‘ಅಜ್ಜನ ಕಾಲದ್ದು, ನೂರು ವರ್ಷದ ಮೇಲೇ ಆತು’ ಅನ್ನುತ್ತಾರೆ. ಎಲ್ಲದಕ್ಕೂ ಹೂಂಗುಟ್ಟುತ್ತ, ಸೀಮೆಎಣ್ಣೆಯಲ್ಲಿ ನೆನೆಸಿ ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಕಟ್ಟಿಕೊಂಡು ಹೋದ ಬಟ್ಟೆಚೂರಿನಿಂದ ಗಾಲಿಯ ನಡುವಿನ ಹಬ್ ಒರೆಸುತ್ತೇನೆ. ಗಟ್ಟಿಕಟ್ಟಿದ ಗ್ರೀಸು, ಅಡಿಕೆ ಒಲೆಯ ಮಸಿ, ಜೇಡರ ಬಲೆ ಒಂದೊಂದಾಗಿ ಎದ್ದು ಬರುತ್ತವೆ. ಅಡಿಯಲ್ಲಿ ಕೊರೆದ ಅಕ್ಷರ ಕಾಣುತ್ತದೆ. ಮೂರು ಗೇರಿನ ಸ್ಟರ್ಮಿ-ಆರ್ಚರ್ ಹಬ್ ಆಗಿದ್ದರೆ ಕಂಪನಿಯ ಹೆಸರಿನ ಹತ್ತಿರ ‘ಎ.ಡಬ್ಲ್ಯು.’ ಎಂದು ಎರಡಕ್ಷರ, ಅದಕ್ಕೆ ತಾಗಿ 52, ಆಮೇಲೆ 5. ಅಂದರೆ ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ 1952ರ ಮೇ ತಿಂಗಳಲ್ಲಿ ತಯಾರಾದದ್ದು. ನೂರು ವರ್ಷದ ಮಾತು ಅಲ್ಲಿಗೆ ಮುಗಿಯಿತು. ಮನೆಯ ಹಿರಿಯರ ಮುಖ ಸ್ವಲ್ಪ ಸಣ್ಣದಾಗುತ್ತದೆ. ಕವಳದ ತಟ್ಟೆ ಮುಂದೆ ಸರಿಯುತ್ತದೆ.

ಹಬ್ ಹೇಳಿದ್ದನ್ನೇ ನಂಬಿ ದುಡ್ಡು ಎಣಿಸುವಂತಿಲ್ಲ. ಗಾಲಿಯನ್ನು ನಡುವೆ ಯಾವಾಗಲೋ ಬದಲಾಯಿಸಿರಬಹುದು. ಫ್ರೇಮಿನ ನಂಬರನ್ನು ಸೀಟಿನ ಕೆಳಗಿನ ಜೋಡಣೆಯಲ್ಲೋ ಪೆಡಲಿನ ಬುಡದಲ್ಲೋ ಹುಡುಕಬೇಕು. ಹೊಳೆಯುವ ಭಾಗಗಳ ಬಣ್ಣ ನೋಡಬೇಕು. 1930ರ ಆಸುಪಾಸಿನವರೆಗೆ ಹ್ಯಾಂಡಲ್ಲು, ರಿಮ್ಮು, ಗಂಟೆಗಳಿಗೆ ನಿಕ್ಕಲ್ ಲೇಪನ ಕೊಡುತ್ತಿದ್ದರು. ಅದರ ಹೊಳಪಿನಲ್ಲಿ ಸಣ್ಣಗೆ ಹಳದಿ ಇರುತ್ತದೆ. ಆಮೇಲೆ ಬಂದ ಕ್ರೋಮಿಯಮ್ಮಿನ ಹೊಳಪು ನೀಲಿಗೆ ತಿರುಗಿದ ಬಿಳಿ. ಎರಡನ್ನೂ ಪಕ್ಕಪಕ್ಕ ಇಟ್ಟು ಬೆಳಗಿನ ಬಿಸಿಲಿನಲ್ಲಿ ಒಮ್ಮೆ ನೋಡಿದವರಿಗೆ ಮತ್ತೆ ಮರೆಯುವುದಿಲ್ಲ. ಎರಡನೇ ಮಹಾಯುದ್ಧದ ಕಾಲದ ಬ್ರಿಟಿಷ್ ಸೈಕಲ್ಲಿನಲ್ಲಿ ಈ ಎರಡೂ ಇರದೆ ಹ್ಯಾಂಡಲ್ಲಿಗೂ ಕಪ್ಪು ಬಣ್ಣವೇ ಬಳಿದಿರುವುದುಂಟು. ಕ್ರೋಮ್ ಎಲ್ಲ ಯುದ್ಧದ ಕೆಲಸಕ್ಕೆ ಹೋಗಿತ್ತು. ‘ಯಾರೋ ಪೇಂಟ್ ಹೊಡೆದು ಹಾಳು ಮಾಡಿದ್ದಾರೆ’ ಎಂದು ಅಂಥದ್ದನ್ನು ಉಜ್ಜಿ ತೆಗೆದರೆ ಆ ಸೈಕಲ್ಲಿನ ವಯಸ್ಸಿಗಿದ್ದ ಸಾಕ್ಷಿಯೇ ಹೋಯಿತು.

ಈ ಕಾರಣಕ್ಕೇ ಊರವರ ಜೊತೆ, ನೆಂಟರ ಜೊತೆ ನನಗೆ ಕೊನೆಯಿಲ್ಲದ ತಕರಾರು. ಹಳೆ ಸೈಕಲ್ ಅಂದರೆ ನನ್ನ ಪಾಲಿಗೆ ಒಂದು ಕಾಗದಪತ್ರ. ಅದರ ಮೇಲೆ ಬರೆದದ್ದನ್ನು ಓದಿಕೊಂಡೇ ಬೆಲೆ ಕಟ್ಟಬೇಕು. ಬಣ್ಣ ಬಳಿದರೆ ಓದಬೇಕಾದದ್ದನ್ನೇ ಅಳಿಸಿದ ಹಾಗೆ.

ನಮ್ಮ ಹೇರೂರು ಇರುವುದು ಸಿದ್ದಾಪುರ ತಾಲೂಕಿನಲ್ಲಿ. ಹಾರ್ಸಿಕಟ್ಟಾ, ಹೆಗ್ಗರಣಿ ಕಡೆ ಓಡಾಡಿದವರಿಗೆ ಗೊತ್ತು, ಈ ಸೀಮೆಯಲ್ಲಿ ಸಮತಟ್ಟು ಅಂತ ಇರುವುದು ಅಡಿಕೆ ಒಣಗಿಸುವ ಅಂಗಳ ಮಾತ್ರ. ಉಳಿದದ್ದೆಲ್ಲ ಏರು ಇಲ್ಲವೇ ಇಳುಕಲು. ಉಂಚಳ್ಳಿಯಲ್ಲಿ ಅಘನಾಶಿನಿ 116 ಮೀಟರ್ ಕೆಳಕ್ಕೆ ಧುಮುಕುವುದೂ ಇದೇ ನೆಲದ ಗುಣದಿಂದ. ಇಲ್ಲಿ ಸೈಕಲ್ ಇಟ್ಟವರು ತುಳಿದಷ್ಟೇ ದೂರ ನೂಕಿದ್ದಾರೆ. ಶಾಲೆ ಮಾಸ್ತರು, ಟಪಾಲಿನವರು, ಸೊಸೈಟಿ ಗುಮಾಸ್ತರು, ಮನೆಮನೆಗೆ ಬಟ್ಟೆ ಗಂಟು ತರುತ್ತಿದ್ದ ವ್ಯಾಪಾರಿಗಳು, ಅಲ್ಲೊಬ್ಬ ಇಲ್ಲೊಬ್ಬ ಅನುಕೂಲಸ್ಥ ಹೆಗಡೆ, ಭಟ್ಟರು. ಮೇ ಕೊನೆಗೆ ಮಳೆ ಹಿಡಿದರೆ ದಾರಿಯೆಲ್ಲ ಕೆಸರು. ಸೈಕಲ್ಲನ್ನು ಒರೆಸಿ ಅಟ್ಟಕ್ಕೆ ಏರಿಸಿದರೆ ದೀಪಾವಳಿ ಹತ್ತಿರ ಬಂದಾಗಲೇ ಇಳಿಸುವುದು.

ಹೀಗೆ ವರ್ಷಕ್ಕೆ ನಾಲ್ಕೈದು ತಿಂಗಳು ಅಟ್ಟದಲ್ಲಿ ಕಳೆದದ್ದರಿಂದಲೇ ಅವು ಉಳಿದವು ಎಂಬುದು ನನ್ನ ಅಂದಾಜು. ಅಡಿಕೆ ಒಣಗಿಸಲು ಕೆಳಗೆ ಬೆಂಕಿ, ಮೇಲೆ ಹೊಗೆ. ಆ ಬಿಸಿಗೆ ತೇವ ನಿಲ್ಲುವುದಿಲ್ಲ, ಮಸಿ ಕೂತ ಕಬ್ಬಿಣಕ್ಕೆ ತುಕ್ಕು ಬೇಗ ಹತ್ತುವುದಿಲ್ಲ. ಕರಾವಳಿಯ ಮನೆಗಳಲ್ಲಿ ಉಪ್ಪುಗಾಳಿಗೆ ಮಡ್‌ಗಾರ್ಡು ತೂತು ಬಿದ್ದು ಹೋಗಿರುತ್ತದೆ. ಘಟ್ಟದ ಮೇಲಿನ ಅಟ್ಟಗಳಲ್ಲಿ ಮಸಿಯ ಕೆಳಗೆ ಕಂಪನಿಯವರು ಕೈಯಲ್ಲಿ ಎಳೆದ ಬಂಗಾರದ ಗೆರೆ ಹಾಗೇ ಸಿಕ್ಕಿದ್ದಿದೆ. ಒಂದು ಮನೆಯಲ್ಲಿ ಬ್ರೂಕ್ಸ್ ಕಂಪನಿಯ ಸೀಟಿನ ಚರ್ಮ ಮಾತ್ರ ಇಲಿಗಳ ಪಾಲಾಗಿತ್ತು, ಉಳಿದದ್ದೆಲ್ಲ ಭದ್ರ.

ಹೇರೂರಿನಂಥ ಹಳ್ಳಿಗೆ ಬರ್ಮಿಂಗ್‌ಹ್ಯಾಮಿನ ಮಾಲು ಬಂದದ್ದು ಹೇಗೆ ಎಂದು ಪೇಟೆಯವರು ಕೇಳುತ್ತಾರೆ. 1862ರಿಂದ 1956ರವರೆಗೆ ನಮ್ಮ ಜಿಲ್ಲೆ ಮುಂಬಯಿ ಆಡಳಿತದಲ್ಲಿತ್ತು. ವ್ಯಾಪಾರದ ಮುಖ ಹುಬ್ಬಳ್ಳಿ, ಬೆಳಗಾವಿ, ಮುಂಬಯಿ ಕಡೆಗೆ. ಸೀಟಿನ ಕೆಳಗಿನ ಕೊಳವೆಯ ಮೇಲೆ ಮಾರಿದ ಅಂಗಡಿಯವರು ಹೊಡೆದ ಸಣ್ಣ ಹಿತ್ತಾಳೆ ತಗಡು ಉಳಿದಿದ್ದರೆ ದಾರಿಯ ಜಾಡು ಅಲ್ಲೇ ಸಿಗುತ್ತದೆ. ಎಷ್ಟೋ ಜನ ಅದನ್ನು ಕಿತ್ತು ಬಿಸಾಡುತ್ತಾರೆ. ನನಗೆ ಅದು ಇಡೀ ಮುಂದಿನ ಗಾಲಿಗಿಂತ ಮೇಲು.

ಕಂಪನಿಗಳನ್ನು ಗುರುತಿಸುವುದು ಸುಲಭ, ಮಕ್ಕಳೂ ಕಲಿಯುತ್ತಾರೆ. ರಾಲಿಯ ಮುಂಭಾಗದ ಬಿಲ್ಲೆಯಲ್ಲಿ ಬಕಪಕ್ಷಿಯ ತಲೆ. ಚೈನು ಕೂರುವ ದೊಡ್ಡ ಚಕ್ರದಲ್ಲೂ ಅದೇ ಪಕ್ಷಿಯ ಕೊಕ್ಕನ್ನು ಕತ್ತರಿಸಿ ಮಾಡಿರುತ್ತಾರೆ. ಬಿ.ಎಸ್.ಎ. ಅಂದರೆ ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್, ಬಂದೂಕು ಮಾಡುತ್ತಿದ್ದ ಕಂಪನಿ, 1861ರಲ್ಲಿ ಶುರುವಾದದ್ದು. ಆದ್ದರಿಂದ ಅದರ ಗುರುತು ಒಂದಕ್ಕೊಂದು ಆನಿಸಿಟ್ಟ ಮೂರು ಬಂದೂಕು. ರಡ್ಜ್ ಸೈಕಲ್ಲಿನ ಚಕ್ರದಲ್ಲಿ ತೆರೆದ ಅಂಗೈ. ಹಂಬರ್‌ನದು ಎಲ್ಲಕ್ಕಿಂತ ಚಂದ, ಚಕ್ರದೊಳಗೆ ಐದು ಪುಟ್ಟ ಮನುಷ್ಯಾಕೃತಿಗಳು ಸುತ್ತ ನಿಂತಿರುತ್ತವೆ. ಪೆಡಲ್ ತುಳಿದರೆ ಐವರೂ ಓಡುತ್ತಾರೆ. ರಾಲಿ, ರಡ್ಜ್, ಹಂಬರ್ ಬೇರೆಬೇರೆ ಎಂದು ನಮ್ಮ ಅಜ್ಜಂದಿರು ಜಗಲಿಯಲ್ಲಿ ಕೂತು ಜಗಳ ಆಡುತ್ತಿದ್ದರು. ಹಂಬರ್ ಸೈಕಲ್ 1932ರಲ್ಲೇ ರಾಲಿಯವರ ಕೈ ಸೇರಿತ್ತು, ರಡ್ಜ್ 1943ರಲ್ಲಿ. ಯುದ್ಧ ಮುಗಿದ ಮೇಲೆ ಬಂದ ಸೈಕಲ್ಲುಗಳ ಮಟ್ಟಿಗೆ ಅವರು ಬಡಿದಾಡಿದ್ದು ಒಂದೇ ಮನೆಯ ಅಣ್ಣತಮ್ಮಂದಿರ ಪರವಾಗಿ.

ರಾಲಿ ಬಿಲ್ಲೆಯ ಕೆಳಗಿನ ಸಾಲು ಓದಿದಾಗ ‘ನಾಟಿಂಗ್‌ಹ್ಯಾಮ್’ ಇರದೆ ‘ಸೆನ್-ರಾಲಿ’ ಎಂದಿದ್ದರೆ ಮನೆಯವರು ಸೋತವರಂತೆ ಕೂರುತ್ತಾರೆ. ಇಂಗ್ಲೆಂಡಿನ ಮಾಲು ಅಂದುಕೊಂಡದ್ದು ಬಂಗಾಳದ ಅಸನ್ಸೋಲಿನದ್ದಾಯಿತಲ್ಲ ಎಂಬ ಬೇಜಾರು. ನನಗೆ ಮಾತ್ರ ಅದೇ ಹೆಚ್ಚು ಖುಷಿ. ನಾಟಿಂಗ್‌ಹ್ಯಾಮಿನ ರಾಲಿಗಳನ್ನು ಕಾಪಾಡಲು ಇಂಗ್ಲೆಂಡಿನಲ್ಲಿ ಜನ ಇದ್ದಾರೆ. ಅಲ್ಲಿ ಹಳೆ ಸೈಕಲ್ಲಿನವರ ಸಂಘ 1955ರಿಂದ ನಡೆಯುತ್ತಿದೆ. ಅಸನ್ಸೋಲಿನ ಕಾರ್ಖಾನೆ 1980ರಲ್ಲಿ ಸರ್ಕಾರದ ಕೈಗೆ ಹೋಗಿ, ಸೈಕಲ್ ಕಾರ್ಪೊರೇಷನ್ ಆಫ್ ಇಂಡಿಯಾ ಆಗಿ, ಕೊನೆಗೆ ಬಾಗಿಲು ಹಾಕಿತು. ಅದರ ಸೈಕಲ್ಲನ್ನು ನಾವು ಇಡದಿದ್ದರೆ ಇನ್ಯಾರು ಇಡುತ್ತಾರೆ? ಸ್ವಾತಂತ್ರ್ಯ ಬಂದ ಬೆನ್ನಿಗೇ ಈ ದೇಶದಲ್ಲಿ ಸೈಕಲ್ ಕಾರ್ಖಾನೆಗಳು ಎದ್ದವು. ಮದ್ರಾಸಿನಲ್ಲಿ ಮುರುಗಪ್ಪ ಮನೆತನದವರು ಇಂಗ್ಲೆಂಡಿನ ಟ್ಯೂಬ್ ಇನ್ವೆಸ್ಟ್‌ಮೆಂಟ್ಸ್ ಜೊತೆ ಸೇರಿ 1949ರಲ್ಲಿ ಕಂಪನಿ ಕಟ್ಟಿ ಅಂಬತ್ತೂರಿನಲ್ಲಿ ಹರ್ಕ್ಯುಲಿಸ್ ಮಾಡಿದರು. 1951ರಲ್ಲಿ ಸೋನಿಪತ್‌ನ ಅಟ್ಲಾಸ್, 1956ರಲ್ಲಿ ಲುಧಿಯಾನಾದ ಹೀರೋ. ಇದೇ ಅಟ್ಲಾಸ್ ಸಾಹಿಬಾಬಾದಿನ ತನ್ನ ದೊಡ್ಡ ಕಾರ್ಖಾನೆಯ ಕೆಲಸ ನಿಲ್ಲಿಸಿದ್ದು 2020ರ ಜೂನ್ 3ರಂದು. ಆ ದಿನ ವಿಶ್ವ ಸೈಕಲ್ ದಿನ.

ಇನ್ನು ಲಿಲಾವಿನ ವಿಷಯ. ಹಳೆ ವಸ್ತುಗಳ ಹರಾಜು ಅಂದರೆ ಕೋಟು ತೊಟ್ಟವರು ಸುತ್ತಿಗೆ ಬಡಿಯುವ ಸಿನಿಮಾ ದೃಶ್ಯ ಜನರ ತಲೆಯಲ್ಲಿರುತ್ತದೆ. ನಾನು ಅದನ್ನು ಕಲಿತದ್ದು ದೇವಸ್ಥಾನದ ಫಲಾವಳಿ ಸವಾಲಿನಲ್ಲಿ. ಉತ್ಸವ ಮುಗಿದ ಮೇಲೆ ದೇವರ ಮುಂದೆ ಕಟ್ಟಿದ್ದ ಬಾಳೆಗೊನೆ, ತೆಂಗಿನಕಾಯಿ, ಚಕ್ಕೋತವನ್ನು ಒಬ್ಬರು ಎತ್ತಿ ಹಿಡಿದು ಕೂಗುತ್ತಾರೆ. ಪೇಟೆಯಲ್ಲಿ ಮೂವತ್ತು ರೂಪಾಯಿಗೆ ಸಿಗುವ ಕಾಯಿ ಸಾವಿರ ದಾಟುವುದನ್ನು ನೋಡಿದ್ದೇನೆ. ಭಕ್ತಿ ಇದ್ದೇ ಇದೆ. ಆದರೆ ಸರಿಯಾಗಿ ಗಮನಿಸಿದರೆ ಬೆಲೆ ಏರುವುದು ಒಬ್ಬನ ಭಕ್ತಿಯಿಂದಲ್ಲ, ಎರಡನೆಯವನ ಹಟದಿಂದ. ಮೊದಲನೆಯವನು ಹತ್ತು ಸಾವಿರ ಕೊಡಲು ತಯಾರಿದ್ದರೂ ಎದುರಾಳಿ ಎಂಟುನೂರಕ್ಕೆ ಸುಮ್ಮನಾದರೆ ಕಾಯಿ ಎಂಟುನೂರರ ಮೇಲೊಂದಿಷ್ಟಕ್ಕೆ ಮುಗಿಯಿತು. ಲಂಡನ್ನಿನಲ್ಲೂ ಇದೇ ನಿಯಮ.

ಇನ್ನೊಂದು ಪಾಠಶಾಲೆ ಶಿರಸಿಯ ಟಿ.ಎಸ್.ಎಸ್. 1923ರಲ್ಲಿ ಶುರುವಾದ ತೋಟಗಾರರ ಈ ಸಹಕಾರಿ ಸಂಘದಲ್ಲಿ ರಾಶಿ, ಚಾಲಿ, ಬೆಟ್ಟೆ ಎಂದು ಅಡಿಕೆ ವಿಂಗಡಿಸಿ ಇಟ್ಟಿರುತ್ತಾರೆ. ವ್ಯಾಪಾರಸ್ಥರು ನೋಡಿ, ಮುರಿದು, ತಮ್ಮ ದರವನ್ನು ಗುಟ್ಟಾಗಿ ಬರೆಯುತ್ತಾರೆ. ಹೆಚ್ಚು ಬರೆದವರಿಗೆ ಮಾಲು. ದರ ಒಪ್ಪಿಗೆಯಾಗದಿದ್ದರೆ ಬೆಳೆಗಾರ ಕೊಡದೆ ಇಟ್ಟುಕೊಳ್ಳಬಹುದು. ಕೂಗುವ ಸವಾಲಿನಲ್ಲಿ ಎದುರಿನವನ ಮುಖ ಕಾಣುತ್ತದೆ. ಟೆಂಡರಿನಲ್ಲಿ ನಿಮ್ಮ ಮಾಲಿನ ಬಗ್ಗೆ ನಿಮಗೆ ಗೊತ್ತಿರುವುದೇ ಗತಿ. ಹರಾಜು ಮಂದಿರಗಳಲ್ಲಿ ಮಾಲೀಕ ಮೊದಲೇ ಹೇಳಿಟ್ಟ ಕನಿಷ್ಠ ಬೆಲೆ ಬಾರದಿದ್ದರೆ ವಸ್ತು ಮಾರಾಟವಾಗದೆ ವಾಪಸಾಗುತ್ತದೆ. ಅಡಿಕೆ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಕಡೆ ಸೈಕಲ್ ಕೈ ಬದಲಾಗುವ ಇನ್ನೊಂದು ಜಾಗ ಮನೆ ಹಿಸೆ. ಅಣ್ಣತಮ್ಮಂದಿರು ಪಾಲಾಗುವಾಗ ತಾಮ್ರದ ಹಂಡೆ, ಕಂಚಿನ ಪಾತ್ರೆ, ಗಡಿಯಾರಗಳನ್ನು ಒಳಗೊಳಗೇ ಸವಾಲು ಕೂಗಿ ಹಂಚಿಕೊಳ್ಳುತ್ತಾರೆ. ಹೊರಗಿನವರಿಗೆ ಅಲ್ಲಿ ಜಾಗವಿಲ್ಲ. ಸೈಕಲ್ಲಿಗೆ ಮಾತ್ರ ಯಾರೂ ಕೂಗುವುದಿಲ್ಲ. ‘ಅದು ಗುಜರಿ, ಆ ಹೇರೂರಿನ ಮರುಳ ಬತ್ನಡ, ಅವಂಗೆ ಕೊಡಿ’ ಎಂದು ಒಬ್ಬ ಭಾವ ನನ್ನೆದುರೇ ಹೇಳಿದ್ದುಂಟು. ಬೇಸರ ಮಾಡಿಕೊಳ್ಳದೆ ಮಧ್ಯಾಹ್ನದ ಊಟ ಮುಗಿಸಿಯೇ ಎದ್ದೆ. ಅಪ್ಪೆಹುಳಿ ಚೆನ್ನಾಗಿತ್ತು, ಸೈಕಲ್ಲು 1930ರ ಹಿಂದಿನದು.

ಹೊರಗಿನ ಪೇಟೆ ಬೇರೆ ಲೋಕ. ಕೋಲ್ಕತ್ತಾದ ರಸೆಲ್ ಸ್ಟ್ರೀಟಿನಲ್ಲಿ 1940ರಲ್ಲಿ ಶುರುವಾದ ‘ರಸೆಲ್ ಎಕ್ಸ್‌ಚೇಂಜ್’ ಇದೆ. ಹಳೆ ಮನೆಗಳ ಪಿಯಾನೋ, ಕನ್ನಡಿ, ಗ್ರಾಮಫೋನುಗಳನ್ನು ಭಾನುವಾರ ಹರಾಜು ಕೂಗಿ ಹೆಸರಾದ ಜಾಗ. ಬೆಂಗಳೂರಿನ ಸಂಡೇ ಬಜಾರು, ಹುಬ್ಬಳ್ಳಿಯ ಗುಜರಿ ಅಂಗಡಿಗಳಲ್ಲಿ ಹರಾಜಿಲ್ಲ, ಬಾಯಿಮಾತಿನ ಚೌಕಾಸಿ. ಪೊಲೀಸ್ ಠಾಣೆಗಳಲ್ಲಿ ವಾರಸುದಾರರಿಲ್ಲದ ವಾಹನಗಳ ಲಿಲಾವು ಆಗುತ್ತಿರುತ್ತದೆ, ಪೇಪರಿನ ಮೂಲೆಯಲ್ಲಿ ಪ್ರಕಟಣೆ ಬರುತ್ತದೆ. ಅಲ್ಲಿ ಸಿಗುವುದು ಹೆಚ್ಚಾಗಿ ಹೊಸ ಸೈಕಲ್ಲುಗಳ ಅಸ್ಥಿಪಂಜರ.

ಈಗ ಎಲ್ಲವೂ ಮೊಬೈಲಿಗೆ ಬಂದಿದೆ. ಬೆಂಗಳೂರಿನಲ್ಲಿರುವ ಮಗ ನನ್ನ ಪರವಾಗಿ ಕೂಗುತ್ತಾನೆ. ಕೆಲವು ಜಾಲತಾಣಗಳಲ್ಲಿ ಗಡುವು ಮುಗಿಯುವ ಕೊನೆಯ ಕ್ಷಣದಲ್ಲಿ ನುಗ್ಗಿ ಗೆಲ್ಲುವವರಿದ್ದಾರೆ. ಇನ್ನು ಕೆಲವು ಕಡೆ ಕೊನೆಗೆ ಯಾರಾದರೂ ಕೂಗಿದರೆ ಗಡುವೇ ಮುಂದಕ್ಕೆ ಹೋಗುತ್ತದೆ, ಅಲ್ಲಿ ಆ ಜಾಣತನ ನಡೆಯುವುದಿಲ್ಲ. ಹೊಸಬರು ತಪ್ಪದೆ ನೋಡಬೇಕಾದದ್ದು ಕಮಿಷನ್ನು. ಸುತ್ತಿಗೆ ಬಿದ್ದ ಬೆಲೆಯ ಮೇಲೆ ಕೊಳ್ಳುವವನಿಂದ ಶೇಕಡಾ 10, 15, ಕೆಲವೆಡೆ 25ರವರೆಗೂ ಪ್ರೀಮಿಯಂ ತೆಗೆದುಕೊಳ್ಳುತ್ತಾರೆ, ಮೇಲೆ ತೆರಿಗೆ. ಆಮೇಲೆ ಗಾಲಿ ಬಿಚ್ಚಿ, ಗೋಣಿಯಲ್ಲಿ ಸುತ್ತಿ ಹುಬ್ಬಳ್ಳಿಯವರೆಗೆ ಲಾರಿ ಪಾರ್ಸೆಲ್ ಮಾಡಬೇಕು, ಅಲ್ಲಿಂದ ಹೇರೂರಿಗೆ ಇನ್ನೊಂದು ಬಾಡಿಗೆ. ಕೂಗುವ ಮೊದಲೇ ಎಲ್ಲ ಕೂಡಿಸಿ ಒಂದು ಅಂಕಿಯನ್ನು ಚೀಟಿಯಲ್ಲಿ ಬರೆದು ಮಗನಿಗೆ ಕಳಿಸುತ್ತೇನೆ. ದಾಟಿದರೆ ಫೋನ್ ಇಡು ಎಂಬ ತಾಕೀತು ಅವನ ಆಯಿಯದು.

ಬೆಲೆ ಹುಟ್ಟುವುದು ಎಲ್ಲಿಂದ ಎಂಬುದಕ್ಕೆ ಎರಡು ಉದಾಹರಣೆ ಸಾಕು. ಇಂಗ್ಲೆಂಡಿನ ಡಯಾನಾ ಮದುವೆಗೆ ಮೊದಲು ತುಳಿಯುತ್ತಿದ್ದ ನೀಲಿ ಬಣ್ಣದ ರಾಲಿ ಟ್ರಾವೆಲರ್ ಸೈಕಲ್ಲು 2018ರ ಹರಾಜಿನಲ್ಲಿ 9,200 ಪೌಂಡಿಗೆ ಹೋಗಿತ್ತು. 2021ರಲ್ಲಿ ಮತ್ತೆ ಕೂಗಿದಾಗ 44,000 ಪೌಂಡ್, ಅಂದಿನ ನಮ್ಮ ಲೆಕ್ಕದಲ್ಲಿ 45 ಲಕ್ಷದ ಹತ್ತಿರ. ಕಬ್ಬಿಣ ಅದೇ, ಗಾಲಿ ಅದೇ. ಅದೇ ನಮೂನೆಯ, ಡಯಾನಾ ಮುಟ್ಟದ ಸೈಕಲ್ಲು ಅಲ್ಲಿ ಯಾರದೋ ಶೆಡ್ಡಿನಲ್ಲಿ ಕೊಳೆಯುತ್ತಿರಬಹುದು. ಇವಳದೇ ಎಂಬುದಕ್ಕೆ ಇರುವ ದಾಖಲೆಗೆ ಕೊಟ್ಟ ದುಡ್ಡು ಅದು. ಎರಡನೆಯದು ನನಗೆ ಕಂಡರಾಗದ ಸೈಕಲ್ಲು. ಕಲಾವಿದ ಡೇಮಿಯನ್ ಹರ್ಸ್ಟ್ ನಿಜವಾದ ಚಿಟ್ಟೆಗಳ ರೆಕ್ಕೆ ಅಂಟಿಸಿ ಅಲಂಕರಿಸಿದ, ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ತುಳಿದ ರೇಸಿನ ಸೈಕಲ್ಲು 2009ರಲ್ಲಿ ಸದಬೀಸ್ ಹರಾಜಿನಲ್ಲಿ ಐದು ಲಕ್ಷ ಡಾಲರಿಗೆ ಹೋಯಿತು. ಅಂದಿನ ಎರಡು ಕೋಟಿ ರೂಪಾಯಿಗೂ ಮಿಕ್ಕಿದ್ದು. ಕ್ಯಾನ್ಸರ್ ಪೀಡಿತರ ನೆರವಿಗಾಗಿ ನಡೆದ ಹರಾಜು, ಸರಿ. ಮೂರು ವರ್ಷದ ಮೇಲೆ, 2012ರಲ್ಲಿ, ಉದ್ದೀಪನ ಮದ್ದಿನ ಪ್ರಕರಣದಲ್ಲಿ ಆರ್ಮ್‌ಸ್ಟ್ರಾಂಗ್ ಗೆದ್ದ ಟೂರ್ ಡಿ ಫ್ರಾನ್ಸ್ ಪಟ್ಟಗಳೆಲ್ಲ ರದ್ದಾದವು. ಸೈಕಲ್ಲಿಗೆ ಅಂಟಿದ ಕಥೆ ಹೀಗೆ ಕೆಡುವುದೂ ಉಂಟು, ಕೊಂಡವರು ಏನು ಮಾಡಬೇಕು? ಅಮೆರಿಕದ ನ್ಯೂಯಾರ್ಕ್ ರಾಜ್ಯದ ಕೋಪೇಕ್ ಎಂಬ ಸಣ್ಣ ಊರಿನಲ್ಲಿ ಹಳೆ ಸೈಕಲ್ಲುಗಳದ್ದೇ ಹರಾಜು ವರ್ಷಕ್ಕೊಮ್ಮೆ ನಡೆಯುತ್ತದೆ. ಅಲ್ಲಿ 1870ರ ದಶಕದ, ಮುಂದೆ ಆಳೆತ್ತರದ ಗಾಲಿ ಹಿಂದೆ ಗೇಣುದ್ದದ ಗಾಲಿ ಇರುವ ಸೈಕಲ್ಲುಗಳಿಗೂ ಗಿರಾಕಿಗಳಿರುತ್ತಾರೆ. ನನಗೆ ನೋಡುವ ಆಸೆ ಇದೆ, ಕೊಳ್ಳುವ ಆಸೆ ಇಲ್ಲ. ಆ ನಮೂನೆಯದು ಹೇರೂರಿನ ಇಳುಕಲಿನಲ್ಲಿ ಬಿಟ್ಟರೆ ಸವಾರ ತೋಟದಲ್ಲೇ ಸಿಗುವುದು.

ಒಂದು ಕಾನೂನಿನ ಮಾತೂ ಇದೆ. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ತುಂಬಿದ, ಚರಿತ್ರೆಯ ದೃಷ್ಟಿಯಿಂದ ಮುಖ್ಯವಾದ ವಸ್ತುವನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ. ವಿದೇಶದಿಂದ ದೊಡ್ಡ ದುಡ್ಡಿನ ಆಸೆ ತೋರಿಸಿ ಬರೆಯುವವರಿಗೆ ನನ್ನ ಉತ್ತರ ಇದೊಂದೇ ಸಾಲು.

ಸೈಕಲ್ಲಿಗಿಂತ ಕಷ್ಟ ಅದರ ಸುತ್ತಲಿನ ಸಾಮಾನು ಹುಡುಕುವುದು. ಸೈಕಲ್ಲನ್ನು ಅಟ್ಟಕ್ಕೆ ಹಾಕುತ್ತಾರೆ, ಸಣ್ಣ ಸಾಮಾನು ಮಕ್ಕಳ ಆಟಿಕೆಯಾಗಿ ಕಳೆದುಹೋಗುತ್ತದೆ. ಈಗಿನ ಹುಡುಗರಿಗೆ ಹೇಳಿದರೆ ನಂಬುವುದಿಲ್ಲ, ಒಂದು ಕಾಲಕ್ಕೆ ಪುರಸಭೆ, ಪಂಚಾಯಿತಿಗಳು ಸೈಕಲ್ಲಿಗೂ ವರ್ಷವರ್ಷ ತೆರಿಗೆ ವಸೂಲು ಮಾಡುತ್ತಿದ್ದವು. ಕಟ್ಟಿದವರಿಗೆ ಹಿತ್ತಾಳೆಯದೋ ಅಲ್ಯೂಮಿನಿಯಮ್ಮಿನದೋ ಒಂದು ಬಿಲ್ಲೆ. ಅದರ ಮೇಲೆ ಊರಿನ ಹೆಸರು, ಇಸವಿ, ನಂಬರು. ಆಕಾರವೂ ವರ್ಷಕ್ಕೆ ತಕ್ಕಂತೆ ಬೇರೆ, ಒಮ್ಮೆ ಗುಂಡಗೆ, ಒಮ್ಮೆ ಮೊಟ್ಟೆಯಾಕಾರ, ಒಮ್ಮೆ ಗುರಾಣಿಯಂತೆ. ದೂರದಿಂದ ನೋಡಿಯೇ ಹಳೆ ಬಿಲ್ಲೆಯವನನ್ನು ಹಿಡಿಯಬಹುದಿತ್ತು. ಬಿಲ್ಲೆಯಿಲ್ಲದೆ, ರಾತ್ರಿ ದೀಪವಿಲ್ಲದೆ, ಹಿಂದೊಬ್ಬನನ್ನು ಕೂರಿಸಿಕೊಂಡು ಪೇಟೆಗೆ ಹೋದರೆ ಪೊಲೀಸರು ಗಾಳಿ ಬಿಡುತ್ತಿದ್ದರು. ಬಿಲ್ಲೆಯನ್ನು ಓದುವುದೂ ಒಂದು ರುಚಿ. ಹುಬ್ಬಳ್ಳಿ, ಧಾರವಾಡ ಎರಡೂ ಹೆಸರು ಒಟ್ಟಿಗೆ ಇದ್ದರೆ ಅದು ಮಹಾನಗರಪಾಲಿಕೆಯಾದ 1962ರ ಈಚಿನದು. ಬಿಲ್ಲೆಗಳು ಈಗ ನಾಣ್ಯ ವ್ಯಾಪಾರಿಗಳ ಕೈಗೆ ಹೋಗಿವೆ. ಹಿತ್ತಾಳೆಯ ತೂಕಕ್ಕೆ ಕರಗಿದ್ದೆಷ್ಟೋ.

ದೀಪಗಳಲ್ಲಿ ನನ್ನ ಪ್ರೀತಿಯದು ಕಾರ್ಬೈಡ್ ದೀಪ. ಡೈನಮೋ ಬರುವ ಮೊದಲಿನ ಈ ದೀಪಕ್ಕೆ ಎರಡು ಅಂತಸ್ತು. ಕೆಳಗಿನ ಬಟ್ಟಲಲ್ಲಿ ಕ್ಯಾಲ್ಸಿಯಂ ಕಾರ್ಬೈಡಿನ ಬೂದು ಹರಳು, ಮೇಲಿನದರಲ್ಲಿ ನೀರು. ನೆತ್ತಿಯ ತಿರುಪನ್ನು ಚೂರು ಸಡಿಲಿಸಿದರೆ ನೀರು ತೊಟ್ಟು ತೊಟ್ಟಾಗಿ ಹರಳಿನ ಮೇಲೆ ಬೀಳುತ್ತದೆ. ಅಸಿಟಿಲೀನ್ ಅನಿಲ ಎದ್ದು ಸಣ್ಣ ಕಲ್ಲಿನ ಮೂತಿಯಿಂದ ಹೊರಬರುತ್ತದೆ, ಬೆಳ್ಳುಳ್ಳಿಯ ವಾಸನೆ. ಕಡ್ಡಿ ಗೀರಿ ಹಚ್ಚಿದರೆ ಕಣ್ಣು ಕುಕ್ಕುವ ಬಿಳಿ ಜ್ವಾಲೆ. ತಿರುಪು ಹೆಚ್ಚು ಬಿಟ್ಟರೆ ಜ್ವಾಲೆ ಗಾಜಿಗೆ ಬಡಿದು ಮಸಿ, ಕಡಿಮೆ ಬಿಟ್ಟರೆ ಇಳುಕಲಿನ ಅರ್ಧದಲ್ಲಿ ಕತ್ತಲು. ಬರ್ಮಿಂಗ್‌ಹ್ಯಾಮಿನ ಲ್ಯೂಕಸ್ ಕಂಪನಿಯ ‘ಕಿಂಗ್ ಆಫ್ ದ ರೋಡ್’ ದೀಪಗಳಿಗೆ ಇವತ್ತಿಗೂ ಬೇಡಿಕೆ ಇದೆ. ನಾನು ಒಂದನ್ನು ಅಂಗಳದಲ್ಲಿ ಹಚ್ಚಿ ತೋರಿಸಲು ಕಾರ್ಬೈಡ್ ಕೇಳಿಕೊಂಡು ಹೋದರೆ ಅಂಗಡಿಯವರು ಅನುಮಾನದಿಂದ ನೋಡಿದರು. ಅದರಿಂದ ಮಾವು ಹಣ್ಣು ಮಾಡುವುದು ಕಾನೂನಿನಲ್ಲಿ ನಿಷಿದ್ಧ. ಕೊನೆಗೆ ಗ್ಯಾಸ್ ವೆಲ್ಡಿಂಗ್ ಮಾಡುವವರೊಬ್ಬರು ಒಂದು ಮುಷ್ಟಿ ಕೊಟ್ಟರು.

ಮೋಸವೂ ಹೆಚ್ಚು ನಡೆಯುವುದು ಈ ಸಣ್ಣ ಸಾಮಾನಿನಲ್ಲೇ. ಸೈಕಲ್ ಕಂಪನಿಗಳ ಎನಾಮಲ್ ಬೋರ್ಡುಗಳನ್ನು ಹೊಸದಾಗಿ ಮಾಡಿ, ಆಸಿಡ್ ಸವರಿ, ಮಣ್ಣಲ್ಲಿ ಹೂತು ಹಳತು ಮಾಡುತ್ತಾರೆ. ಹಳೆ ಬೋರ್ಡಿನ ಬೆನ್ನಿಗೂ ಎನಾಮಲ್ ಇರುತ್ತದೆ, ಬಣ್ಣದ ಮೇಲೆ ಬೆರಳಾಡಿಸಿದರೆ ಪದರದ ಏರುತಗ್ಗು ಸಿಗುತ್ತದೆ. ಮೊಳೆ ಹೊಡೆಯುವ ತೂತಿನ ಸುತ್ತ ಚಕ್ಕೆ ಎದ್ದು ತುಕ್ಕು ಹರಡಿರುವುದು ಸಹಜ. ತೂತು ಅಚ್ಚುಕಟ್ಟಾಗಿದ್ದು ನಡುವೆ ಮಾತ್ರ ತುಕ್ಕು ಇದ್ದರೆ ನಾನು ನಮಸ್ಕಾರ ಹೇಳಿ ಹೊರಡುತ್ತೇನೆ.

ತುಕ್ಕು ತೆಗೆಯುವುದಕ್ಕೆ ನನ್ನ ಉಪಚಾರ ಬಹಳ ಸಣ್ಣದು. ಕ್ರೋಮಿನ ಮೇಲಿನ ಚುಕ್ಕೆಗೆ ಸೀಮೆಎಣ್ಣೆಯಲ್ಲಿ ಅದ್ದಿದ ಅಲ್ಯೂಮಿನಿಯಂ ಹಾಳೆಯ ಮುದ್ದೆ ಸಾಕು, ಬಣ್ಣಕ್ಕೆ ಮೆತ್ತಗಿನ ಬಟ್ಟೆ ಮತ್ತು ತಾಳ್ಮೆ. ಹಿತ್ತಾಳೆ ಗಂಟೆಗೆ ಹುಣಸೆಹುಳಿ ಹಾಕಿ ತಿಕ್ಕಬೇಡಿ, ಕೊರೆದ ಅಕ್ಷರ ಸವೆಯುತ್ತದೆ. ಬಾಲ್ಸ್ ಬಿಚ್ಚಿ ತೊಳೆದು ಹೊಸ ಗ್ರೀಸು ತುಂಬಿ. ಸೀಟಿನ ಚರ್ಮಕ್ಕೆ ಎಣ್ಣೆ ಸುರಿದರೆ ಅದು ಜೋತುಬೀಳುತ್ತದೆ. ಅಷ್ಟಕ್ಕೇ ನಿಲ್ಲಿಸಿ. ನಮ್ಮ ನೆಂಟರೊಬ್ಬರು ಒಳ್ಳೆಯ ಹಂಬರ್ ಸೈಕಲ್ಲನ್ನು ಪೇಟೆಗೆ ಒಯ್ದು ಕಾರಿನ ಬಣ್ಣ ಹೊಡೆಸಿ, ಹೊಸ ಸ್ಟಿಕ್ಕರ್ ಅಂಟಿಸಿ, ಮನೆ ಮುಂದೆ ಹೂಕುಂಡದ ಪಕ್ಕ ನಿಲ್ಲಿಸಿದ್ದಾರೆ. ಫೋಟೊಕ್ಕೆ ಚಂದ. ಆ ಐದು ಮನುಷ್ಯಾಕೃತಿಗಳ ಮುಖವೂ ಬಣ್ಣದ ಕೆಳಗೆ ಹೋಗಿದೆ. ಅವರ ಮನೆಗೆ ಹೋದಾಗ ನಾನು ಆ ಕಡೆ ತಿರುಗಿ ಕೂರುವುದಿಲ್ಲ.

ಸಂಗ್ರಹ ನೋಡಬೇಕೆನ್ನುವವರು ಪುಣೆಗೆ ಹೋಗಿ. ಕರ್ವೆ ನಗರದಲ್ಲಿ ವಿಕ್ರಮ್ ಪೇಂಡ್ಸೆಯವರು ಕಟ್ಟಿದ ಸೈಕಲ್ ಸಂಗ್ರಹಾಲಯ 2017ರಲ್ಲಿ ತೆರೆದಿದೆ. ಎರಡನೇ ಮಹಾಯುದ್ಧದಲ್ಲಿ ಪ್ಯಾರಾಶೂಟ್ ಸೈನಿಕರಿಗಾಗಿ ಬಿ.ಎಸ್.ಎ. ಮಾಡಿದ ಮಡಚುವ ಸೈಕಲ್ಲೂ ಅಲ್ಲಿದೆ. ನಮ್ಮಲ್ಲಿ ಧರ್ಮಸ್ಥಳದ ಮಂಜೂಷಾ, ಶ್ರೀರಂಗಪಟ್ಟಣದ ಹತ್ತಿರದ ‘ಪಯಣ’ ಎರಡೂ ವೀರೇಂದ್ರ ಹೆಗ್ಗಡೆಯವರ ಆಸ್ಥೆಯಿಂದ ಆದವು. ಹಳೆ ಕಾರುಗಳನ್ನು ಅಲ್ಲಿ ಮನದಣಿಯೆ ನೋಡಬಹುದು. ಸೈಕಲ್ಲಿಗೇ ಮೀಸಲಾದ ಅಂಥ ಜಾಗವೊಂದು ಹುಬ್ಬಳ್ಳಿಯಲ್ಲೋ ಶಿರಸಿಯಲ್ಲೋ ಆದರೆ ನನ್ನ ಅಡಿಕೆ ಅಟ್ಟ ಖಾಲಿ ಮಾಡಿಕೊಡಲು ಮನೆಯಾಕೆ ತುದಿಗಾಲಲ್ಲಿ ನಿಂತಿದ್ದಾಳೆ.

ಇತ್ತೀಚೆಗೆ ನಾನು ಕೊಂಡದ್ದು ಇಂಗ್ಲೆಂಡಿನದಲ್ಲ, ಮುಪ್ಪಿನದೂ ಅಲ್ಲ. 2006-07ರಲ್ಲಿ ರಾಜ್ಯ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿತು. ನಮ್ಮ ಊರುಗಳಲ್ಲಿ ಹೆಣ್ಣುಮಕ್ಕಳು ಗುಂಪುಗುಂಪಾಗಿ ಹೈಸ್ಕೂಲಿಗೆ ಸೈಕಲ್ ತುಳಿದದ್ದು ಆಗಲೇ. ಕೊರೊನಾ ಬಂದ ವರ್ಷದಿಂದ ವಿತರಣೆ ನಿಂತಿತು. ಮನೆಮನೆಯಲ್ಲಿ ಇದ್ದ ವಸ್ತುವೇ ಮೊದಲು ಕಾಣೆಯಾಗುವುದು, ಯಾರೂ ಅದನ್ನು ಎತ್ತಿಡುವುದಿಲ್ಲ. ಈಗ ಗುಜರಿಯವರ ಗಾಡಿಯಲ್ಲಿ ವಾರಕ್ಕೊಂದಾದರೂ ಕಾಣುತ್ತದೆ. ಸರ್ಕಾರಿ ಸ್ಟಿಕ್ಕರ್ ಅರ್ಧ ಉಳಿದಿದ್ದ ಒಂದನ್ನು ನಾನು ಕಿಲೋ ಲೆಕ್ಕದಲ್ಲಿ ತೂಗಿಸಿ ತಂದೆ. ನೋಡಿದರೆ ಕೆಳಕೇರಿಯ ಕೂಸಿನದ್ದು, ಮಡ್‌ಗಾರ್ಡಿನ ಒಳಗೆ ಮೊಳೆಯಿಂದ ಹೆಸರು ಗೀಚಿಟ್ಟಿದ್ದಾಳೆ. ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ಹಬ್ಬಕ್ಕೆ ಊರಿಗೆ ಬಂದಾಗ ಕರೆದು ತೋರಿಸಿದೆ. ಹ್ಯಾಂಡಲ್ ಹಿಡಿದು ಒಂದು ಸುತ್ತು ಅಂಗಳ ಸುತ್ತಿದಳು.

‘ಇದರ ಬೀಗದ ಕೈ ನನ್ನ ಹತ್ರ ಇನ್ನೂ ಇದ್ದು, ದೊಡ್ಡಪ್ಪ’ ಅಂದಳು.

‘ತಂದುಕೊಡು ಮಾರಾಯ್ತಿ, ಸೆಟ್ ಪೂರ್ತಿ ಆಗ್ತು’ ಅಂದೆ.

‘ಸೈಕಲ್ಲಿಗೆ ಎಷ್ಟು ಕೊಟ್ಟೆ?’

ಹೇಳಿದೆ.

‘ಬೀಗದ ಕೈಗೆ ಅದರ ಡಬಲ್’ ಎಂದಳು. ಚೌಕಾಸಿ ಇನ್ನೂ ನಡೆದಿದೆ.